ಹನ್ನೆರಡು ರಾಶಿ, ನಾಲ್ಕು ಫ್ಲೂಟು: ಸ್ಟಾಕ್‌ಹೌಸನ್‌ನ ‘ಟೀರ್‌ಕ್ರೈಸ್’ ಸ್ಕೋರ್ ಕೊಳ್ಳಬಹುದೇ?

ಅಂತರಿಕ್ಷದ ಹೆಸರು ಹೊತ್ತ ಫ್ಲೂಟ್ ಸಂಗೀತಕ್ಕೇನೂ ಬರವಿಲ್ಲ. ಆದರೆ ಅದರಲ್ಲಿ ಬಹುಪಾಲು ರಿವರ್ಬ್ (ಕೃತಕ ಅನುರಣನ) ಸುರಿದು, ಸ್ವರಗಳನ್ನು ಎಳೆದೆಳೆದು ನುಡಿಸಿದ ಸರಕು. ಜರ್ಮನ್ ಸಂಯೋಜಕ ಕಾರ್ಲ್‌ಹೈಂಜ್ ಸ್ಟಾಕ್‌ಹೌಸನ್ 1974–75ರಲ್ಲಿ ಬರೆದ ‘ಟೀರ್‌ಕ್ರೈಸ್’ ಆ ಜಾತಿಗೆ ಸೇರಿದ್ದಲ್ಲ. ಹನ್ನೆರಡು ರಾಶಿಗಳಿಗೆ ಹನ್ನೆರಡು ಪುಟ್ಟ ಮಟ್ಟುಗಳು. ಮೊದಲು ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ ಮಾಡಿಸಿದ ಸಂಗೀತ ಪೆಟ್ಟಿಗೆಗಳಿಗಾಗಿ. ಇವೇ ಮಟ್ಟುಗಳ ಮೇಲೆ ಕಟ್ಟಿದ ‘ಸಿರಿಯಸ್’ ಕೃತಿಯ ಮೊದಲ ರೂಪ 1976ರಲ್ಲಿ ವಾಷಿಂಗ್ಟನ್ನಿನ ಐನ್‌ಸ್ಟೈನ್ ಸ್ಪೇಸೇರಿಯಂನಲ್ಲಿ ಕೇಳಿಬಂತು.

ಸ್ಕೋರ್, ಅಂದರೆ ಸ್ವರಲಿಪಿಯ ಪುಸ್ತಕ, ತೆಳ್ಳಗಿದೆ, ಕೆಲಸ ಮಾತ್ರ ದಪ್ಪ. ಪ್ರತಿ ಮಟ್ಟಿಗೂ ಕ್ರೋಮ್ಯಾಟಿಕ್ (ಹನ್ನೆರಡು ಸ್ವರಗಳ) ಸಪ್ತಕದ ಬೇರೆಬೇರೆ ಸ್ವರ ಕೇಂದ್ರ, ವೇಗವೂ ಬೇರೆಬೇರೆ. ಇಂಥದೇ ವಾದ್ಯ ಬೇಕೆಂಬ ಕಟ್ಟುಪಾಡಿಲ್ಲ, ಹಾಗಾಗಿ ನಾಲ್ವರ ಫ್ಲೂಟ್ ಬಳಗದಲ್ಲಿ ಎರಡು ಸಾಮಾನ್ಯ ಫ್ಲೂಟ್, ಕೆಳ ಶ್ರುತಿಯ ಒಂದು ಆಲ್ಟೊ, ಇನ್ನೂ ಕೆಳಗಿನ ಒಂದು ಬಾಸ್ ಇದ್ದರೆ ನಡೆದೀತು. ಪ್ರತಿ ಮಟ್ಟನ್ನು ಬದಲಾವಣೆಗಳೊಂದಿಗೆ ಕನಿಷ್ಠ ಮೂರು ಸಲ ನುಡಿಸಬೇಕು. ಒಂದು ಸುತ್ತಿಗೆ ಅರ್ಧ ನಿಮಿಷದ ಆಸುಪಾಸು ಎಂದು ಹಿಡಿದರೂ ಇಡೀ ಚಕ್ರ ಇಪ್ಪತ್ತು ನಿಮಿಷದ ಹತ್ತಿರ ಬರುತ್ತದೆ. ಒಂದನೇ ಸಲ ಒಬ್ಬರೇ, ಇದ್ದದ್ದು ಇದ್ದಂತೆ. ಎರಡನೇ ಸಲ ಕೆಳಗಿನ ಸ್ವರಗುಚ್ಛಗಳನ್ನು (ಕಾರ್ಡ್‌ಗಳನ್ನು) ಆಲ್ಟೊ, ಬಾಸ್‌ಗಳಿಗೆ ಹಂಚಿ. ಮೂರನೇ ಸಲ ಮನೋಧರ್ಮಕ್ಕೆ ಬಿಡಿ. ಮೊದಲ ಸುತ್ತಿನಲ್ಲೇ ಅಲಂಕಾರಕ್ಕಿಳಿದರೆ ಮಟ್ಟು ಯಾವುದು, ಬದಲಾವಣೆ ಯಾವುದು ಎಂಬುದು ಕೇಳುಗನಿಗೆ ತಿಳಿಯುವುದೇ ಇಲ್ಲ.

ನಮ್ಮವರು ಎಡವುವುದು ಪ್ರಾರಂಭದಲ್ಲಿ. ಕಛೇರಿಯ ದಿನ ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಮಟ್ಟಿನಿಂದ ಶುರುಮಾಡಿ, ಹನ್ನೆರಡನ್ನೂ ಸುತ್ತಿ, ಮತ್ತೆ ಅದಕ್ಕೇ ಬಂದು ಮುಗಿಸಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ವಸಂತ ವಿಷುವದಿಂದ ಎಣಿಸುವ ಸಾಯನ ರಾಶಿ, ನಕ್ಷತ್ರಗಳನ್ನು ಹಿಡಿದು ಎಣಿಸುವ ನಮ್ಮ ಪಂಚಾಂಗದ ನಿರಯನ ರಾಶಿಯಲ್ಲ. ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಂತರ. ಏಪ್ರಿಲ್ 5ರಂದು ಬೆಂಗಳೂರಿನಲ್ಲಿ ನುಡಿಸುವುದಾದರೆ ಪಂಚಾಂಗ ಮೀನ ಎನ್ನುತ್ತದೆ. ಸ್ಕೋರಿನ ಪ್ರಕಾರ ಅದು ‘ವಿಡರ್’, ಅಂದರೆ ಮೇಷ. ಜನವರಿ 25ಕ್ಕೆ ‘ವಾಸರ್‌ಮನ್’, ಕುಂಭ; ನಮ್ಮಲ್ಲಿ ಆಗಷ್ಟೇ ಮಕರ ಸಂಕ್ರಾಂತಿ ಮುಗಿದಿರುತ್ತದೆ. ಜ್ಯೋತಿಷ್ಯದ ಜಗಳ ಬೇಡ, ಜರ್ಮನ್ ಹೆಸರನ್ನೇ ನೋಡಿ ಪುಟ ತೆಗೆಯಿರಿ.

ಎರಡನೆಯ ತೊಡಕು ವೇಗ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಹಾಗೆ ಸ್ಟಾಕ್‌ಹೌಸನ್ ವೇಗವನ್ನೂ ಪಾಲು ಮಾಡಿದ್ದಾನೆ: ನಿಮಿಷಕ್ಕೆ ಇಷ್ಟು ಬಡಿತ ಎಂದು 71, 75.5, 80, 85, 90, 95, 101, 107, 113.5 ಹೀಗೆ. ಬಡಿತ ಎಣಿಸಿಕೊಡುವ, ಕೀಲಿ ಕೊಡುವ ಹಳೆಯ ಮೆಟ್ರೊನೋಮ್‌ನಲ್ಲಿ ಅರ್ಧ ಅಂಕಿ ಇರುವುದಿಲ್ಲ. ದಶಮಾಂಶ ತೆಗೆದುಕೊಳ್ಳುವ ಫೋನ್ ಆ್ಯಪ್ ಬೇಕು. ‘ಸುಮಾರು ಎಂಬತ್ತು’ ಎಂದು ಎಲ್ಲವನ್ನೂ ಒಂದೇ ಓಟಕ್ಕೆ ತಂದರೆ ಹನ್ನೆರಡು ಮಟ್ಟುಗಳೂ ಅಣ್ಣತಮ್ಮಂದಿರಂತೆ ಕೇಳಿಸುತ್ತವೆ.

ಆಲ್ಟೊ ಫ್ಲೂಟಿನಲ್ಲಿ ಬರೆದ ಸ್ವರಕ್ಕಿಂತ ನಾಲ್ಕನೇ ಅಂತರದಷ್ಟು (ಐದು ಅರ್ಧ ಸ್ವರ) ಕೆಳಗೆ ಸ್ವರ ಹೊರಡುತ್ತದೆ. ‘ಎ’ ಕೇಳಿಸಬೇಕಾದರೆ ‘ಡಿ’ ಬರೆದುಕೊಡಬೇಕು. ಬಾಸ್‌ಗೆ ಒಂದು ಸಪ್ತಕ ಮೇಲೆ ಬರೆದರಾಯಿತು. ಕಾಡುವುದು ಸಭಾಂಗಣದ ಎಸಿ. ಫ್ಲೂಟಿನ ಒಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಶ್ರುತಿ ಸುಮಾರು 3 ಸೆಂಟ್ (ಅರ್ಧ ಸ್ವರದ ನೂರನೇ ಪಾಲು ಒಂದು ಸೆಂಟ್) ಇಳಿಯುತ್ತದೆ. ದೊಡ್ಡ ಕೊಳವೆಯ ಬಾಸ್ ಬಿಸಿಯಾಗುವುದೂ ನಿಧಾನ, ಬಿಡುವಿನಲ್ಲಿ ಮತ್ತೆ ತಣ್ಣಗಾಗುತ್ತದೆ. ಮೇಲಿನವರು ಜೋರಾಗಿ ಊದಿ ಶ್ರುತಿ ಏರಿಸಿಕೊಂಡಿರುತ್ತಾರೆ, ಕೆಳಗಿನವರು ಕುಸಿದಿರುತ್ತಾರೆ. ಸ್ವರಗುಚ್ಛ ಕೂಡುವುದೇ ಇಲ್ಲ. ತಮ್ಮ ಸರದಿಗೆ ಮುಂಚೆ ಎಲ್ಲ ಕೀಲಿ ಮುಚ್ಚಿ ಸದ್ದಿಲ್ಲದೆ ಬಿಸಿಯುಸಿರು ತುಂಬುತ್ತಿರಬೇಕು. ಬಾಸ್‌ನ ದನಿ ದೂರ ಸಾಗುವುದಿಲ್ಲ, ಮೈಕ್ ಬೇಕೇ ಬೇಕು. ತುಟಿಯ ಎದುರಿಗಲ್ಲ, 15–20 ಸೆಂ.ಮೀ. ಮೇಲೆ, ಎಡಗೈ ಕಡೆಗೆ ಓರೆಯಾಗಿ ಇಡಿ. ಎದುರಿಗಿಟ್ಟರೆ ಸ್ವರಕ್ಕಿಂತ ಉಸಿರೇ ಜಾಸ್ತಿ ಬರುತ್ತದೆ.

ಕರ್ನಾಟಕ ಸಂಗೀತದ ಕೊಳಲಿನಲ್ಲಿ ಆದೀತೇ? ಕಷ್ಟ. ಕೇಂದ್ರ ಸ್ವರ ಹನ್ನೆರಡು ಸಲ ಬದಲಾಗುವುದರಿಂದ ಒಂದೋ ಅರ್ಧ ರಂಧ್ರದಲ್ಲೇ ಕಾಲ ಹಾಕಬೇಕು, ಇಲ್ಲವೇ ಕಟ್ಟುಗಟ್ಟಲೆ ಕೊಳಲು ಬದಲಿಸಬೇಕು. ತಂಬೂರಿ ಇಡಲೇಬೇಡಿ, ಒಂದು ಮಟ್ಟಿಗೆ ಹೊಂದಿದ ಆಧಾರ ಶ್ರುತಿ ಮುಂದಿನದಕ್ಕೆ ಅಪಸ್ವರ.

ಮೂವರಿಗಾಗಿ ಬರೆದ 1983ರ ತ್ರಯ ರೂಪವೂ ಸಿಗುತ್ತದೆ. ಕಾಗದದ ಮೇಲೆ ಸೊಗಸಾಗಿದೆ, ಆದರೆ ಕ್ಲಾರಿನೆಟ್ ವಾದಕ, ಪಿಕೊಲೊ (ಪುಟ್ಟ ಫ್ಲೂಟ್) ಕೂಡ ಊದುವ ಫ್ಲೂಟ್ ವಾದಕ, ಪಿಯಾನೊ ನುಡಿಸಬಲ್ಲ ಟ್ರಂಪೆಟ್ ವಾದಕ ಬೇಕು. ಅಮೆರಿಕದ ಸಂಯೋಜಕ ಜಾರ್ಜ್ ಕ್ರಂಬ್ ಅಪೊಲೊ 11ರ ಯಾನದ ಹೊತ್ತಿಗೇ, 1969ರಲ್ಲಿ, ಬರೆದ ‘ನೈಟ್ ಆಫ್ ದ ಫೋರ್ ಮೂನ್ಸ್’ ಇದಕ್ಕಿಂತ ಆಳವಾದ ಕೃತಿ ಎಂದರೂ ತಪ್ಪಿಲ್ಲ. ಅದಕ್ಕೆ ಆಲ್ಟೊ ಫ್ಲೂಟ್ ಜೊತೆ ಗಾಯಕಿ, ಬ್ಯಾಂಜೊ, ಎಲೆಕ್ಟ್ರಿಕ್ ಚೆಲ್ಲೊ, ಕೋಣೆ ತುಂಬ ತಾಳವಾದ್ಯ ಬೇಕು. ಫ್ಲೂಟ್ ಬಳಗದ ಪಾಲಿಗೆ ಕೇಳುವ ಸುಖವಷ್ಟೇ.

ಆದ್ದರಿಂದ ಮೊದಲು ತರಿಸಬೇಕಾದ್ದು ಮಟ್ಟು ನುಡಿಸುವ ವಾದ್ಯ ಮತ್ತು ಸ್ವರಗುಚ್ಛ ನುಡಿಸುವ ವಾದ್ಯಕ್ಕಾಗಿ ಇರುವ ಮೂಲ ಆವೃತ್ತಿ. ಪ್ರಕಾಶಕರು ಜರ್ಮನಿಯ ಕ್ಯುರ್ಟೆನ್‌ನ ಸ್ಟಾಕ್‌ಹೌಸನ್ ಫೆರ್ಲಾಗ್. ಒಂದು ಪ್ರತಿ ತಂದು ನಾಲ್ವರಿಗೆ ಜೆರಾಕ್ಸ್ ಮಾಡಿಸುವ ಯೋಚನೆ ಬೇಡ. ಸ್ಟಾಕ್‌ಹೌಸನ್ ತೀರಿಕೊಂಡದ್ದು 2007ರಲ್ಲಿ, ಭಾರತದ ಕಾನೂನಿನಂತೆ ಹಕ್ಕುಸ್ವಾಮ್ಯ 2067ರ ಕೊನೆಯವರೆಗೂ ಇದೆ. ನಾಲ್ಕು ಫ್ಲೂಟಿಗೆ ಮಾಡಿಕೊಂಡ ಹಂಚಿಕೆಯನ್ನು ಬರೆದು ಪ್ರಕಟಿಸುವುದಿದ್ದರೆ ಮೊದಲೇ ಅನುಮತಿ ಕೇಳಿ.