ಶಾಸನ ಓದಲು ಕಲಿಸಿದ ವಾರಾಂತ್ಯದ ತರಗತಿ

ಭೂಮಾಪನ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸರ್ವೆಯರ್ ಆಗಿ ದುಡಿದು ಅರವತ್ತಕ್ಕೆ ನಿವೃತ್ತನಾದೆ. ಹದ್ದುಬಸ್ತು, ಪೋಡಿ, ಒತ್ತುವರಿ ತಕರಾರುಗಳ ನಡುವೆ ಓದು ಎಂದರೆ ಸುತ್ತೋಲೆ ಓದುವುದಷ್ಟೇ ಆಗಿತ್ತು. 1982ರಲ್ಲಿ ಪದವಿ ಮುಗಿಸಿ ಕಾಲೇಜಿನ ಮೆಟ್ಟಿಲು ಇಳಿದವನು ಮತ್ತೆ ಹತ್ತಿದ್ದು ಕಳೆದ ವರ್ಷ, ಮೈಸೂರಿನ ಕಾಲೇಜೊಂದು ನಡೆಸುವ ಶಾಸನಶಾಸ್ತ್ರ ಡಿಪ್ಲೊಮಾ ತರಗತಿಗೆ. ಒಂದು ವರ್ಷದ ಕೋರ್ಸು. ಶನಿವಾರ ಮಧ್ಯಾಹ್ನ ಎರಡರಿಂದ ಐದು, ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು. ಶುಲ್ಕ 4,500 ರೂಪಾಯಿ, ಪರೀಕ್ಷೆಗೆ ಬೇರೆ 600. ಈಗ ಫಲಿತಾಂಶವೂ ಬಂದಿದೆ. ಸೇರುವ ಮನಸ್ಸಿರುವ ನನ್ನ ವಯಸ್ಸಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬೇಸರದ ಸಂಗತಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರವೇಶದ ಸಮಯದಲ್ಲಿ ಕಚೇರಿಯವರು ನಲವತ್ತು ವರ್ಷದ ಹಿಂದಿನ ವರ್ಗಾವಣೆ ಪತ್ರ ಕೇಳಿದರು. ಪದವಿ ಪ್ರಮಾಣಪತ್ರ, ಪಿಂಚಣಿ ಪುಸ್ತಕ ಎಲ್ಲವನ್ನೂ ತೋರಿಸಿದರೂ ಒಪ್ಪದೆ ಮೂರು ಸಲ ಅಲೆಸಿದರು. ಕೊನೆಗೆ ಪ್ರಾಂಶುಪಾಲರೇ ಷರಾ ಬರೆದು ಸೇರಿಸಿಕೊಂಡರು. ತರಗತಿ ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಮ್ಮ ಜೊತೆಗಿದ್ದ ನಿವೃತ್ತ ನರ್ಸ್ ಒಬ್ಬರು ಮಂಡಿನೋವಿನಿಂದ ಪ್ರತಿ ವಾರವೂ ಮೊದಲ ಮಹಡಿಯಲ್ಲಿ ಕುಳಿತು ಸುಧಾರಿಸಿಕೊಂಡೇ ಮೇಲೆ ಬರುತ್ತಿದ್ದರು. ಹದಿನೆಂಟು ಜನರ ತಂಡದಲ್ಲಿ ಏಳು ಮಂದಿ ಅರವತ್ತು ದಾಟಿದವರು. ನೆಲಮಹಡಿಯಲ್ಲಿ ಶನಿವಾರ ಖಾಲಿ ಇರುವ ಕೋಣೆಗಳಿದ್ದೂ ಇದನ್ನು ಸರಿಪಡಿಸದಿರುವುದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಇನ್ನು ಪಾಠದ ಹಾಳೆಗಳು ಜೆರಾಕ್ಸಿನ ಜೆರಾಕ್ಸು. ಅಕ್ಷರದ ತಿರುವು, ತಲೆಕಟ್ಟಿನ ಆಕಾರ ನೋಡಿಯೇ ಕಾಲ ಗುರುತಿಸಬೇಕಾದ ವಿದ್ಯೆಗೆ ಮಸಿ ಕಲೆಯಂಥ ಹಾಳೆ ಕೊಟ್ಟರೆ ಓದುವುದು ಹೇಗೆ?

ಆದರೆ ಪಾಠ? ಪಾಠದ ವಿಷಯದಲ್ಲಿ ನನ್ನದು ತುಂಬು ಮನಸ್ಸಿನ ಮೆಚ್ಚುಗೆ.

ಮೊದಲ ಎರಡು ತಿಂಗಳು ಬರೀ ಅಕ್ಷರ. ಬ್ರಾಹ್ಮಿಯಿಂದ ಶುರು. ಕೂಡುವ ಚಿಹ್ನೆಯಂತಿದ್ದ ‘ಕ’ ಕದಂಬರ ಕಾಲಕ್ಕೆ, ಚಾಲುಕ್ಯರ ಕಾಲಕ್ಕೆ, ಹೊಯ್ಸಳರ ಕಾಲಕ್ಕೆ ಹೇಗೆ ಬಾಗುತ್ತ, ದುಂಡಾಗುತ್ತ ನಮ್ಮ ಇಂದಿನ ‘ಕ’ ಆಯಿತು ಎಂಬುದನ್ನು ಮೇಡಂ ಒಂದೇ ಸಾಲಿನಲ್ಲಿ ಬರೆದು ತೋರಿಸಿದ ದಿನ ನಾನು ಮನೆಗೆ ಬಂದು ಊಟಕ್ಕೆ ಮೊದಲು ಅದನ್ನೇ ಇಪ್ಪತ್ತು ಸಲ ತಿದ್ದಿದೆ. ಈಗ ಬಳಕೆಯಲ್ಲಿಲ್ಲದ ‘ೞ’ ಮತ್ತು ‘ಱ’ಗಳನ್ನು, ರಳ ಮತ್ತು ಶಕಟರೇಫವನ್ನು, ಕಣ್ಣು ತಾನಾಗಿ ಗುರುತಿಸುವ ಹೊತ್ತಿಗೆ ದಸರಾ ಬಂದಿತ್ತು.

ಆಮೇಲೆ ಹಲ್ಮಿಡಿ ಶಾಸನ. 1936ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನಲ್ಲಿ ಪತ್ತೆ ಮಾಡಿದ, ಸುಮಾರು ಕ್ರಿ.ಶ. 450ರದೆಂದು ಹೇಳುವ ಕಲ್ಲು. ಶಾಲೆಯಲ್ಲಿ ಅದರ ಹೆಸರು ಕೇಳಿದ್ದೆನೇ ಹೊರತು ಓದಿರಲಿಲ್ಲ. ಅಕ್ಷರ ಅಕ್ಷರ ಕೂಡಿಸಿ ಓದುತ್ತ ಹೋದಾಗ ‘ಗೞ್ದೆ’ ಎಂದಿತ್ತು. ಗದ್ದೆ! ನನ್ನ ಕೈಯಿಂದ ಸಾವಿರಾರು ಸಲ ಬರೆದ ಪದ. ಕಣ್ಣು ಮಂಜಾಯಿತು, ಕನ್ನಡಕ ತೆಗೆದು ಒರೆಸಿಕೊಂಡೆ.

ಈ ಕೋರ್ಸು ನಿವೃತ್ತರಿಗೆ ಹೇಳಿ ಮಾಡಿಸಿದ್ದು ಎಂದು ನನಗೆ ಅನಿಸಿದ್ದು ಡಿಸೆಂಬರಿನ ಒಂದು ಭಾನುವಾರ. ಗಂಗರ ಕಾಲದ ತಾಮ್ರಪಟವೊಂದರ ಪಾಠ ನಡೆದಿತ್ತು. ಅರಸನ ವಂಶ, ಬಿರುದು, ಹೊಗಳಿಕೆ ಎಲ್ಲ ಸಂಸ್ಕೃತದಲ್ಲಿದ್ದು, ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವಾಗ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಉಳುವವನಿಗೂ ನೆರೆಹೊಲದವನಿಗೂ ತಿಳಿಯಬೇಕಲ್ಲ. ಮೂಡಣಕ್ಕೆ ಇಂಥ ಹುತ್ತ, ತೆಂಕಣಕ್ಕೆ ಹುಣಸೆಮರ, ಪಡುವಣಕ್ಕೆ ಹಳ್ಳ ಕೂಡುವ ತಾವು, ಬಡಗಣಕ್ಕೆ ನಟ್ಟ ಕಲ್ಲು. ಹುಡುಗರಿಗೆ ಅದು ಹೆಸರುಗಳ ಪಟ್ಟಿಯಾಗಿ ಕಂಡಿತು. ಮೇಡಂ ನನ್ನ ಕಡೆ ತಿರುಗಿ, “ಸರ್, ಇದು ನಿಮ್ಮ ಕೆಲಸ. ಬೋರ್ಡಿನ ಮೇಲೆ ಬರೆದು ತೋರಿಸಿ” ಎಂದರು.

ಸರ್ವೆಯಲ್ಲಿ ಟಿಪ್ಪಣಿ ಎನ್ನುವ ಅಳತೆಯ ನಕ್ಷೆ ಬರೆಯುವಂತೆಯೇ ಬರೆದೆ. ಮೂಡಣದಿಂದ ಹೊರಟು ಒಂದೊಂದೇ ಗುರುತು ಹಿಡಿದು ಸುತ್ತುತ್ತ ಹೋದರೆ ಕೊನೆಯ ಮಾತು ಮತ್ತೆ ಮೊದಲಿನ ಹುತ್ತಕ್ಕೇ ಬಂದು ಮುಟ್ಟಿತು. ಹೊರಟ ಬಾಂದುಕಲ್ಲಿಗೇ ಬಂದು ಕೂಡಬೇಕು, ಕೂಡದಿದ್ದರೆ ಅಳತೆ ತಪ್ಪು ಎಂಬುದು ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ವಾರ ಹೇಳಿದ ಪಾಠ. ಆ ತಾಮ್ರಪಟ ಬರೆಸಿದವನಿಗೂ ಅದು ಗೊತ್ತಿತ್ತು. ಮುಂದಿನ ವಾರ ಅಳತೆಯ ಮಾತು ಬಂತು. ನಾವು 33 ಅಡಿಯ ಸರಪಳಿ, ಅದರಲ್ಲಿ ಆಣೆ ಎಂಬ 16 ಭಾಗ, 40 ಗುಂಟೆಗೆ ಎಕರೆ ಎಂದು ಲೆಕ್ಕ ಹಾಕಿದವರು. ಶಾಸನಗಳಲ್ಲಿ ಮತ್ತರು, ಕಮ್ಮ, ಖಂಡುಗ. ಅಳೆಯುವ ಕೋಲಿಗೆ ‘ಗಳೆ’. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕಡೆ ‘ಭೇರುಂಡ ಗಳೆ’ ಎಂಬ ಹೆಸರಿನ ಕೋಲೇ ಇತ್ತು. ಇಪ್ಪತ್ತೆರಡರ ಹುಡುಗಿಯೊಬ್ಬಳು ಬಿಡುವಿನಲ್ಲಿ ಬಂದು, “ಅಂಕಲ್, ಸರಪಳಿ ಎಳೆಯುವಾಗ ಇಳಿಜಾರಿನಲ್ಲಿ ಏನು ಮಾಡುತ್ತಿದ್ದಿರಿ?” ಎಂದು ಕೇಳಿದಳು. ಆ ಮಗುವಿಗೆ ಹಳಗನ್ನಡದ ವ್ಯಾಕರಣ ನೀರು ಕುಡಿದಷ್ಟು ಸುಲಭ. ಅವಳು ನನಗೆ ವಿಭಕ್ತಿ ಹೇಳಿಕೊಟ್ಟಳು, ನಾನು ಅವಳಿಗೆ ನೆಲ ಅಳೆಯುವುದನ್ನು ಹೇಳಿಕೊಟ್ಟೆ.

ನನ್ನ ದೊಡ್ಡ ಆಕ್ಷೇಪ ಒಂದೇ: ಕ್ಷೇತ್ರಕಾರ್ಯ ಸಾಲದು. ಇಡೀ ವರ್ಷದಲ್ಲಿ ಹೊರಗೆ ಹೋದದ್ದು ಎರಡು ದಿನ. ಒಂದು ದಿನ ನಂಜನಗೂಡು ತಾಲ್ಲೂಕಿನ ಊರೊಂದರ ಕೆರೆ ಏರಿಯ ಬಳಿ ಪಡಿಯಚ್ಚು ತೆಗೆಯುವುದನ್ನು ಕಲಿಸಿದರು. ತೆಂಗಿನ ನಾರಿನ ಬ್ರಷ್ಷಿನಿಂದ ಕಲ್ಲಿನ ಪಾಚಿ ಉಜ್ಜಿ ತೊಳೆದು, ನೆನೆಸಿದ ಕಾಗದ ಹೊದಿಸಿ, ಅದು ಅಕ್ಷರದ ಹಳ್ಳಗಳಿಗೆ ಇಳಿಯುವವರೆಗೆ ಬ್ರಷ್ಷಿನಿಂದ ಮೆಲ್ಲಗೆ ಬಡಿಯಬೇಕು. ಅರೆ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ತಟ್ಟಬೇಕು. ಅವಸರ ಮಾಡಿದರೆ ಕಾಗದ ಹರಿಯುತ್ತದೆ, ನನ್ನ ಮೊದಲನೆಯದು ಹರಿಯಿತು. ಎರಡನೆಯದರಲ್ಲಿ ಕಪ್ಪು ನೆಲದ ಮೇಲೆ ಅಕ್ಷರಗಳು ಬೆಳ್ಳಗೆ ಒಂದೊಂದಾಗಿ ಎದ್ದು ಬಂದವು. ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಅಂಥ ಕೆಲಸವನ್ನು ಹದಿನೆಂಟು ಜನ ಒಂದೇ ಮಧ್ಯಾಹ್ನದಲ್ಲಿ ಸರದಿಯ ಮೇಲೆ ಮಾಡಿದರೆ ಕೈಗೆ ಹತ್ತುವುದಿಲ್ಲ. ಕನಿಷ್ಠ ಆರು ದಿನವಾದರೂ ಬೇಕು. ಹೆಚ್ಚಿಗೆ ಹಣ ಕೇಳಿದರೂ ನಾವೆಲ್ಲ ಕೊಡುತ್ತಿದ್ದೆವು.

ಪರೀಕ್ಷೆಗೆ ಹೆದರಬೇಡಿ, ಆದರೆ ಹಗುರಾಗಿಯೂ ತೆಗೆದುಕೊಳ್ಳಬೇಡಿ. ನಾಲ್ಕು ಪತ್ರಿಕೆ, ತಲಾ ಮೂರು ಗಂಟೆ. ಅಷ್ಟು ಹೊತ್ತು ಕೈಬರಹ ಬಿಟ್ಟು ವರ್ಷಗಳಾದವರು ಎರಡು ತಿಂಗಳ ಮೊದಲೇ ದಿನಕ್ಕೊಂದು ಗಂಟೆ ಬರೆದು ರೂಢಿ ಮಾಡಿಕೊಳ್ಳಿ. ವಯಸ್ಸಾದವರೆಂದು ನಮಗೆ ಯಾವ ರಿಯಾಯಿತಿಯೂ ಇರಲಿಲ್ಲ, ತಪ್ಪಿಗೆ ಕೆಂಪು ಗೆರೆ ಎಲ್ಲರಂತೆ ನಮಗೂ ಬಿತ್ತು. ಅದು ನನಗೆ ಗೌರವವೆನಿಸಿತು. ನನಗೆ ಬಂದದ್ದು ಶೇ. 71.

ಶಾಸನಪಾಠಗಳಿಗೆ ಜೆರಾಕ್ಸ್ ಹಾಳೆ ನಂಬಬೇಡಿ. ಶಾಸನತಜ್ಞ ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಸುಮಾರು 9000 ಶಾಸನಗಳಿವೆ. ನಿಮ್ಮ ತಾಲ್ಲೂಕಿನ ಸಂಪುಟ ಹುಡುಕಿ ನಿಮ್ಮದೇ ಊರಿನ ಕಲ್ಲಿನಿಂದ ಶುರು ಮಾಡಿ. ಹೊಸ ತಂಡದ ಪ್ರವೇಶ ಜುಲೈನಲ್ಲಿ. ಹೋಗುವಾಗ ಹಳೆಯ ಪ್ರಮಾಣಪತ್ರಗಳ ಮೂರು ಮೂರು ಪ್ರತಿ ಇಟ್ಟುಕೊಳ್ಳಿ. ಒಳ್ಳೆಯ ಟಾರ್ಚು ಒಂದು ಇರಲಿ. ಸಂಜೆಗತ್ತಲಲ್ಲಿ ಕಲ್ಲಿನ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ, ಹಗಲಲ್ಲಿ ಸವೆದು ಹೋದಂತೆ ಕಂಡ ಸಾಲೂ ಓದಲು ಸಿಗುತ್ತದೆ.