ತಾಳಮದ್ದಳೆಗೊಂದು, ಸಿನಿಮಾಕ್ಕೊಂದು: ಐಪಾಡ್, ವಾಕ್‌ಮನ್ ಬಿಟ್ಟು ಉಳಿದ ಪ್ಲೇಯರ್‌ಗಳು

ಆಪಲ್ 2022ರ ಮೇ ತಿಂಗಳಲ್ಲಿ ಐಪಾಡ್‌ಗೆ ಮಂಗಳ ಹಾಡಿತು. ಸೋನಿ ವಾಕ್‌ಮನ್ ಇನ್ನೂ ಸಿಗುತ್ತದೆ, ಆದರೆ ಬೆಲೆ ಕೇಳಿದವರ ಕೈ ಜೇಬಿನಿಂದ ಹೊರಗೇ ಬರುವುದಿಲ್ಲ. ಹಾಗಾಗಿ ಇಲ್ಲಿ ಪಕ್ಕಪಕ್ಕ ಇಟ್ಟಿರುವುದು ಬೇರೆ ನಾಲ್ಕು: ಸ್ಯಾನ್‌ಡಿಸ್ಕ್ ಕ್ಲಿಪ್ ಜ್ಯಾಮ್, ಫಿಯೋ ಎಂ3ಕೆ, ಆನ್‌ಲೈನಿನಲ್ಲಿ ಹತ್ತು ಹೆಸರಲ್ಲಿ ಮಾರುವ ಅಗ್ಗದ ‘ಎಂಪಿ4 ಪ್ಲೇಯರ್’, ಮತ್ತು ಸಿಮ್ ತೆಗೆದ ಹಳೆ ಆಂಡ್ರಾಯ್ಡ್ ಫೋನ್. ಪರೀಕ್ಷೆಗೆ ಮೂರು ಗಂಟೆಯ ತಾಳಮದ್ದಳೆ, ಕನ್ನಡ ಲಿಪಿಯಲ್ಲೇ ಹೆಸರಿಟ್ಟ ಭಾವಗೀತೆಗಳ ಫೋಲ್ಡರ್, ಒಂದು ಪೂರ್ತಿ ಸಿನಿಮಾ.

ಹಾಡು ಕೇಳಲು ನಾಲ್ಕೂ ಸಾಕು. ಬಂಡವಾಳ ಬಯಲಾಗುವುದು ತಾಳಮದ್ದಳೆಯಲ್ಲಿ. ಮೂರು ಗಂಟೆಯ ಪ್ರಸಂಗವನ್ನು ಯಾರೂ ಒಂದೇ ಪಟ್ಟಿಗೆ ಕೇಳುವುದಿಲ್ಲ. ಅರ್ಥಧಾರಿ ಮಾತಿನ ನಡುವೆ ಇರುವಾಗ ಬಸ್ ಇಳಿಯಬೇಕಾಗುತ್ತದೆ. ಕ್ಲಿಪ್ ಜ್ಯಾಮ್‌ನಲ್ಲಿ ಆಡಿಯೋಬುಕ್ಸ್ ಅಥವಾ ಪಾಡ್‌ಕಾಸ್ಟ್ಸ್ ಫೋಲ್ಡರಿಗೆ ಹಾಕಿದ ಫೈಲು ನಿಲ್ಲಿಸಿದ ಕಡೆಯಿಂದ ಮುಂದುವರಿಯುತ್ತದೆ. ಇದು ಗೊತ್ತಿಲ್ಲದೆ ಎಲ್ಲವನ್ನೂ ಮ್ಯೂಸಿಕ್ ಫೋಲ್ಡರಿಗೆ ಸುರಿದವರು, ಬೇರೆ ಹಾಡು ಕೇಳಿ ಬಂದ ಮೇಲೆ ಮತ್ತೆ ಪೀಠಿಕೆಯಿಂದ ಶುರುಮಾಡಬೇಕು. ಎಂ3ಕೆಗೆ ರಾಕ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಬಹುದು. ಅದರಲ್ಲಿ ಒಂದೇ ಫೈಲಿಗೆ ಹಲವು ಬುಕ್‌ಮಾರ್ಕ್ ಇಡಬಹುದು. ಅಗ್ಗದ ಎಂಪಿ4ನಲ್ಲಿ ಆಫ್ ಮಾಡಿದರೆ ಜಾಗ ನೆನಪಿರುತ್ತದೆಂಬ ಭರವಸೆ ಇಲ್ಲ. ಫೋನಿನಲ್ಲಿ ವಿಎಲ್‌ಸಿ ಎಂಬ ಉಚಿತ ಆ್ಯಪ್ ಸಾಕು.

ಇನ್ನೊಂದು ತೊಡಕು ಫೈಲಿನದ್ದೇ. ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಮಾಹಿತಿ ಎಂಬ ಲೆಕ್ಕ) ಏರಿಳಿಯುವ ಎಂಪಿ3 ಫೈಲಿನ ತಲೆಯಲ್ಲಿ ಅವಧಿಯ ಮಾಹಿತಿ ಸರಿಯಿಲ್ಲದಿದ್ದರೆ ಪ್ಲೇಯರ್ ಮೂರು ಗಂಟೆಯನ್ನು ಐದು ಎಂದು ತೋರಿಸುತ್ತದೆ, ಮುಂದೆ ಓಡಿಸಿದರೆ ಎಲ್ಲೆಲ್ಲೋ ಹಾರುತ್ತದೆ. ಮಾತಿನ ಧ್ವನಿಮುದ್ರಣವನ್ನು 64 ಕೆಬಿಪಿಎಸ್ ಸ್ಥಿರ ಬಿಟ್‌ರೇಟ್, ಮೋನೋಗೆ ಬದಲಿಸಿಕೊಳ್ಳಿ. ಮೂರು ಗಂಟೆಗೆ ಸುಮಾರು 86 ಎಂಬಿ ಆಗುತ್ತದೆ. ಚೆಂಡೆಯ ಹೊಡೆತದ ಮೊನಚು ಸ್ವಲ್ಪ ಮೊಂಡಾಗುತ್ತದೆ, ಮಾತು ಕೆಡುವುದಿಲ್ಲ.

ಕನ್ನಡ ಅಕ್ಷರದಲ್ಲಿ ಫೋನ್ ಒಂದೇ ಪೂರ್ತಿ ಪಾಸು. ರಾಕ್‌ಬಾಕ್ಸ್‌ನಲ್ಲಿ ಕನ್ನಡವಿರುವ ಫಾಂಟ್ ಹಾಕಿದರೂ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ‘ಕೃಷ್ಣಾರ್ಜುನ’ ಎಂದು ಹೆಸರಿಟ್ಟ ಒಂದು ಫೈಲು ಹಾಕಿದರೆ ಯಾವ ಪ್ಲೇಯರಿನ ಯೋಗ್ಯತೆಯೂ ಗೊತ್ತಾಗುತ್ತದೆ: ಚೌಕ ಬಂದರೆ ಫಾಂಟೇ ಇಲ್ಲ, ಅಕ್ಷರ ಚೆಲ್ಲಾಪಿಲ್ಲಿಯಾದರೆ ಜೋಡಣೆ ಇಲ್ಲ. ಎರಡಕ್ಕೂ ಮದ್ದು ಒಂದೇ, ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. ಫೈಲಿನ ಹೆಸರಷ್ಟೇ ಅಲ್ಲ, ಹಾಡಿನ, ಗಾಯಕರ ಹೆಸರು ಬರೆದಿರುವ ಒಳಗಿನ ಟ್ಯಾಗನ್ನೂ ಬದಲಿಸಬೇಕು. ಕ್ಲಿಪ್‌ನಂಥವು ಪಟ್ಟಿ ಕಟ್ಟುವುದು ಟ್ಯಾಗ್ ನೋಡಿ.

ಸಿನಿಮಾ? ಕ್ಲಿಪ್ ಜ್ಯಾಮ್ ಮತ್ತು ಎಂ3ಕೆ ವಿಡಿಯೋ ತೋರಿಸುವುದೇ ಇಲ್ಲ. ಅಗ್ಗದವು ‘ಎಂಪಿ4’ ಎಂದು ಹೆಸರಿಟ್ಟುಕೊಂಡಿದ್ದರೂ ಹಲವಕ್ಕೆ ಎಂಪಿ4 ಫೈಲು ಅರ್ಥವಾಗುವುದಿಲ್ಲ. ಅವು ಕೇಳುವುದು ಎಎಂವಿ ಎಂಬ ಬೇರೆ ಬಗೆ: ಪ್ರತಿ ಚಿತ್ರವೂ ಬಿಡಿ ಜೆಪೆಗ್‌ನಂತೆ, ಸದ್ದು 22,050 ಹರ್ಟ್ಸ್ ಮೋನೋ. ಚಿತ್ರದ ಅಳತೆ ಪರದೆಗೆ ಹೊಂದದಿದ್ದರೆ ‘ಫಾರ್ಮ್ಯಾಟ್ ಎರರ್’ ಎನ್ನುತ್ತದೆ. ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಿಂದ ಬದಲಿಸುವಾಗ ಎತ್ತರ 16ರಿಂದ ಭಾಗವಾಗುವಂತಿರಲಿ. ಸೆಕೆಂಡಿಗೆ 15 ಚಿತ್ರವಾದರೆ ಸದ್ದಿನ ಬ್ಲಾಕ್ (block_size) 1470 ಎಂದು ಕೊಡಿ, 30 ಆದರೆ 735. ಇಷ್ಟೆಲ್ಲ ಪಾಡುಪಟ್ಟ ಮೇಲೆ ಹೆಬ್ಬೆರಳಗಲದ ಪರದೆಯಲ್ಲಿ ನಾಯಕ ಯಾರು, ಖಳ ಯಾರು ಎಂದು ಊಹಿಸಬೇಕು. ವಿಡಿಯೋಕ್ಕೆಂದು ಇದನ್ನು ಕೊಳ್ಳಬೇಡಿ.

ಹಳೆ ಫೋನಿಗೂ ಮಿತಿ ಇದೆ. ಎಚ್‌ಇವಿಸಿ ಎಂಬ ಹೊಸ ಬಗೆಯಲ್ಲಿ ಕುಗ್ಗಿಸಿದ ವಿಡಿಯೋ ಫೈಲನ್ನು ಹಳೆಯ ಚಿಪ್ ನೇರವಾಗಿ ಬಿಡಿಸಲಾರದು. ತಂತ್ರಾಂಶದಿಂದ ಬಿಡಿಸುವಾಗ ಫೋನ್ ಬಿಸಿಯಾಗುತ್ತದೆ, ಚಿತ್ರ ತಡವರಿಸುತ್ತದೆ, ಚಾರ್ಜ್ ಸೋರುತ್ತದೆ. ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಿಂದ ಹಳೆಯ ಬಗೆಯಾದ ಎಚ್.264ಕ್ಕೆ, 720ಪಿ ಅಳತೆಗೆ ಬದಲಿಸಿಕೊಳ್ಳಿ. ಸದ್ದನ್ನು ಎಎಸಿ ಸ್ಟೀರಿಯೋಗೆ ಇಳಿಸಿದರೆ ಫೈಲು ಚಿಕ್ಕದಾಗುತ್ತದೆ, ಸದ್ದು ಬಿಡಿಸುವ ಕೊಡೆಕ್ ಇಲ್ಲ ಎಂಬ ತಕರಾರೂ ತಪ್ಪುತ್ತದೆ. ಏರೋಪ್ಲೇನ್ ಮೋಡ್‌ನಲ್ಲಿಡಿ. ಹಿಂಬದಿ ಮುಚ್ಚಳ ಉಬ್ಬಿದ್ದರೆ ಬ್ಯಾಟರಿ ಊದಿದೆ ಎಂದರ್ಥ, ಅದನ್ನು ಮುಂದೆ ಚಾರ್ಜಿಗೇ ಹಾಕಬಾರದು.

ಕಾರ್ಡಿನ ವಿಷಯ: 64 ಜಿಬಿ ಕಾರ್ಡು ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟಿನಲ್ಲಿ ಬರುತ್ತದೆ, ಅಗ್ಗದ ಪ್ಲೇಯರಿಗೆ ಹಳೆಯ ಫ್ಯಾಟ್32 ಬೇಕು. ಜೊತೆಗೆ, ಇಂಥವು ಹಾಡು ನುಡಿಸುವುದು ಹೆಸರಿನ ಕ್ರಮದಲ್ಲಲ್ಲ, ಕಾರ್ಡಿಗೆ ನಕಲಾದ ಕ್ರಮದಲ್ಲಿ. ಮುಂದೆ 01, 02 ಎಂದು ಹಾಕಿ ಪ್ರಯೋಜನವಿಲ್ಲ. ಒಂದೊಂದಾಗಿ ನಕಲಿಸಬೇಕು, ಇಲ್ಲವೇ ಕಾರ್ಡಿನ ಪಟ್ಟಿಯನ್ನು ಹೆಸರಿನ ಕ್ರಮಕ್ಕೆ ತರುವ ಫ್ಯಾಟ್‌ಸಾರ್ಟ್ ತಂತ್ರಾಂಶ ಓಡಿಸಬೇಕು. ಒಳಗಿನ ‘8 ಜಿಬಿ’ ನಿಜವೇ ಎಂದು, ಮೆಮೊರಿ ತುಂಬಿಸಿ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯೂ ತಂತ್ರಾಂಶ ಹಾಕಿ, ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ನೋಡಿ. ಸುಳ್ಳು ಮೆಮೊರಿ ತುಂಬುವವರೆಗೆ ಚೆನ್ನಾಗೇ ನಡೆಯುತ್ತದೆ, ಆಮೇಲೆ ಹಳೆ ಹಾಡಿನ ಮೇಲೇ ಹೊಸದನ್ನು ಬರೆಯುತ್ತದೆ.

ನಮ್ಮ ತೀರ್ಪು: ಬಸ್ಸಿಗೆ, ನಡಿಗೆಗೆ ಕ್ಲಿಪ್ ಜ್ಯಾಮ್. ಗುಂಡಿಗಳು ಜೇಬಿನೊಳಗೇ ಬೆರಳಿಗೆ ಸಿಗುತ್ತವೆ, ಕಂಪನಿ ಹೇಳುವ ಬ್ಯಾಟರಿ 18 ಗಂಟೆ. ಎಂ3ಕೆಯ ಮುಂಭಾಗದ್ದು ಸ್ಪರ್ಶದ ಗುಂಡಿ, ನೋಡದೆ ಒತ್ತುವುದು ಕಷ್ಟ. ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಹಾಡಿನ ಫೈಲು) ಸಂಗ್ರಹ ಇರುವವರಿಗೆ ಮಾತ್ರ ಅದು. ಸಿನಿಮಾಕ್ಕೆ ಹಳೆ ಫೋನ್. ಆಕಾಶವಾಣಿ ಕೇಳುವ ಅಭ್ಯಾಸವಿದ್ದರೂ ಕ್ಲಿಪ್ಪೇ ಸರಿ, ಎಂ3ಕೆಯಲ್ಲಿ ಎಫ್.ಎಂ. ಇಲ್ಲ. ಬೆಂಗಳೂರಿನಲ್ಲಿ ಕಾಮನಬಿಲ್ಲು 101.3, ವಿವಿಧ ಭಾರತಿ 102.9. ಇಯರ್‌ಫೋನ್ ವೈರೇ ಆ್ಯಂಟೆನಾ, ಅದನ್ನು ಸುತ್ತಿ ಜೇಬಿಗಿಟ್ಟರೆ ಬರುವುದು ಬರೀ ಕರಕರ.