ಪ್ರೊಜೆಕ್ಟರೋ, ಚಾರ್ಟೋ, ಕೈಗೆ ಸಿಗುವ ವಸ್ತುವೋ?

ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಕಬ್ಬಿನ ಹನಿ ನೀರಾವರಿಯನ್ನು ಕುರಿತು ರೈತರೆದುರು ಮಾತನಾಡಲಿರುವ ತಾವು ಈ ಮೂರರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ.

ವೆಚ್ಚದಲ್ಲಿ ಚಾರ್ಟ್ ಹಗುರ. ಬಟ್ಟೆಯ ಮೇಲೆ ಬರೆಸಿದರೆ ಹಲವು ಊರುಗಳಿಗೆ ಒಯ್ಯಬಹುದು. ಪ್ರೊಜೆಕ್ಟರಿಗೆ ಬಾಡಿಗೆಯ ಜೊತೆಗೆ ವಿದ್ಯುತ್ತೂ ಕತ್ತಲೆಯೂ ಬೇಕು. ಹಗಲಿನಲ್ಲಿ ಅರಳಿಕಟ್ಟೆಯ ಬಳಿ ಅದರ ಚಿತ್ರ ಮಸುಕಾಗುತ್ತದೆ.

ಆದರೆ ಮೈಸೂರಿನ ಸಭಾಂಗಣದಲ್ಲಿ ನೂರಾರು ಜನರಿಗೆ, 124.80 ಅಡಿ ಗರಿಷ್ಠ ಮಟ್ಟದ ಕೃಷ್ಣರಾಜಸಾಗರದಲ್ಲಿ ನೀರು ತಿಂಗಳಿನಿಂದ ತಿಂಗಳಿಗೆ ಹೇಗೆ ಏರಿಳಿಯುತ್ತದೆಂದು ತೋರಿಸಬೇಕಾದಲ್ಲಿ ಪ್ರೊಜೆಕ್ಟರೇ ಅನುಕೂಲ. ಒಂದು ಪರದೆಗೆ ಒಂದೇ ವಿಷಯವಿರಲಿ; ಪರದೆಯನ್ನು ಓದುತ್ತಾ ಜನರಿಗೆ ಬೆನ್ನು ಮಾಡಬೇಡಿ.

ಮನಸ್ಸಿಗೆ ನಾಟುವುದರಲ್ಲಿ ನನ್ನ ಒಲವು ವಸ್ತುವಿನ ಕಡೆಗೆ. ಉಪ್ಪುಗಟ್ಟಿ ಮುಚ್ಚಿದ ಹನಿ ಪೈಪಿನ ತುಂಡನ್ನು ಸೀಳಿ ತೋರಿಸಿದರೆ, ಅದನ್ನು ಏಕೆ ತೊಳೆಯಬೇಕೆಂಬುದು ದೀರ್ಘ ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಆದರೆ ಅದು ಕೈಯಿಂದ ಕೈಗೆ ಸಾಗುವಾಗ ಯಾರೂ ಮಾತು ಕೇಳುವುದಿಲ್ಲವಾದ್ದರಿಂದ, ಅಷ್ಟು ಹೊತ್ತು ಮೌನವಾಗಿದ್ದು ಪ್ರಶ್ನೆಗಳಿಗೆ ಅವಕಾಶ ಕೊಡಿ. ಮೂವತ್ತು ಜನರೊಳಗಿನ ಗುಂಪಿಗಷ್ಟೇ ಇದು ಒಗ್ಗುತ್ತದೆ.

ಐವತ್ತರಷ್ಟು ಜನರು ಸೇರುವುದಾದರೆ ಚಾರ್ಟನ್ನೇ ಆರಿಸಿ, ಹಿಂದಿನ ದಿನವೇ ಕೊನೆಯ ಸಾಲಿನ ಜಾಗದಲ್ಲಿ ನಿಂತು ಅಕ್ಷರಗಳು ಕಾಣುತ್ತವೆಯೇ ಎಂದು ನೋಡಿಕೊಳ್ಳಿ.